ಖಾರದ ತಪ್ಪಲ್ಲ

ನನ್ನ ಅಕ್ಕ ದೇವವ್ವ ಖಾರದಿಂದ ಸತ್ತಳು ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಈ ಮಾತಿಗೆ ಜಗಳ ತೆಗೆದಿದ್ದೇನೆ. ನಾನು ಅದೇ ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಹೆಸರು ಪುಷ್ಪಾವತಿ, ದನಿ ಮೊದಲೇ ದೊಡ್ಡದು. "ಪುಷ್ಪಾ ಟೀಚರ್ ಮುಂದ ಮೆಣಸಿನಕಾಯಿ ಸುದ್ದಿ ತಗೀಬ್ಯಾಡ್ರಿ" ಎಂದು ಈಗ ಮಂದಿ ತಮ್ಮೊಳಗೇ ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ. ಅಕ್ಕ ಹೋದದ್ದು ಕರುಳಿನಲ್ಲಿ ಹುಟ್ಟಿ ಲಿವರಿಗೆ ಹಬ್ಬಿದ ಗಡ್ಡೆಯಿಂದ. ಅದಕ್ಕೆ ಡಾಕ್ಟರು ಕಾರ್ಸಿನಾಯ್ಡ್ ಎನ್ನುತ್ತಾರೆ. ಆ ಹೆಸರು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಅದು ತನ್ನ ಕೆಲಸವನ್ನು ಬಹಳ ಮಟ್ಟಿಗೆ ಮುಗಿಸಿತ್ತು.

ನಮ್ಮ ತವರು ಹಲಗೇರಿ. ಅಕ್ಕನನ್ನು ಬ್ಯಾಡಗಿಯ ಮಾಲತೇಶಪ್ಪನವರಿಗೆ ಕೊಟ್ಟಾಗ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಅಂದಿನಿಂದ ಅವರು ನನಗೆ ಮಾಮಾ. ಅವರದು ಖಾರ ಕುಟ್ಟುವ ಗಿರಣಿ. ನಮ್ಮ ಕಡೆ ಬಿಸಿಲು ಏರಿತೆಂದರೆ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಸಿಡುತ್ತಾರೆ. ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಕಟ್ಟಿಕೊಂಡು ಗಿರಣಿಗೆ ಬರುತ್ತಾರೆ. ಅಲ್ಲಿ ಕಬ್ಬಿಣದ ಒನಕೆಗಳು ಧಡಧಡ ಕುಟ್ಟುತ್ತಿರುತ್ತವೆ. ಹೊಸಬರು ಒಳಗೆ ಕಾಲಿಟ್ಟರೆ ಸೀನಿ ಸೀನಿ ಸಾಕಾಗುತ್ತಾರೆ. ಮಾಮಾ ಮಾತ್ರ ಅದರ ನಡುವೆ ನಿಂತು ಚಹಾ ಕುಡಿಯುತ್ತಿದ್ದರು. ಆ ಗಾಳಿಯಲ್ಲೇ ಬೆಳೆದವರು, ಘಾಟಿಗೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಮಷಿನ್ ಮಾಮಾನದಾದರೆ ಒಲೆ ಅಕ್ಕನದು. ಗಿರಣಿಯ ಮುಂದಿನ ಪಡಸಾಲೆಯಲ್ಲಿ ದೊಡ್ಡ ಕಡಾಯಿ ಇಟ್ಟುಕೊಂಡು ಮಂದಿ ತಂದ ಸಾಮಾನು ಹುರಿದು ಕೊಡುತ್ತಿದ್ದಳು. ಎದುರಿಗೆ ಕೂತು ತೊಟ್ಟು ಬಿಡಿಸುವವಳು ಸಕೀನಾಬಿ, ಅವಳ ಜೀವದ ಗೆಳತಿ. ಇಬ್ಬರ ಮಾತಿಗೆ ಕೊನೆ ಮೊದಲೆಂಬುದಿರಲಿಲ್ಲ. ಅಕ್ಕ ಹುರಿದ ಖಾರಕ್ಕೆ ಹೆಸರಿತ್ತು. ಹಾವೇರಿಯಿಂದ, ರಾಣೆಬೆನ್ನೂರಿನಿಂದ ಹೆಂಗಸರು ಚೀಲ ಹೊತ್ತು ಬಸ್ಸಿಳಿದು ಬರುತ್ತಿದ್ದರು, ದಾರಿಯಲ್ಲಿ ಬೇರೆ ಗಿರಣಿಗಳಿದ್ದರೂ. "ಎಷ್ಟು ಮನಿ ಅನ್ನಕ್ಕ ನನ್ನ ಕೈ ಹತ್ತೈತಿ ನೋಡ ಪುಷ್ಪಾ" ಎಂದು ಹೇಳುವಾಗ ಅವಳ ಬಿಂಕ ನೋಡಬೇಕಿತ್ತು. ಆ ಬಿಂಕ ನನಗೆ ಬಹಳ ಇಷ್ಟ. ಅವಳು ಹೆಚ್ಚು ಓದಿದವಳಲ್ಲ, ಊರೂರು ತಿರುಗಿದವಳಲ್ಲ. ಹೆಸರು ಅಂತ ಗಳಿಸಿದ್ದು ಅದೊಂದೇ, ತನ್ನ ಖಾರದ್ದು.

ಅವಳ ಮುಖ ಕೆಂಪಾಗತೊಡಗಿದ್ದು ಆ ಕಡಾಯಿಯ ಮುಂದೆಯೇ. ಮೆಣಸಿನಕಾಯಿ ಬೆಚ್ಚಗೆ ಮಾಡುತ್ತಾ ಕೂತಾಗ ಇದ್ದಕ್ಕಿದ್ದಂತೆ ಕೊರಳಿನಿಂದ ಹಣೆಯವರೆಗೆ ಕೆಂಪು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಬ್ಯಾಡಗಿಯ ಡಬ್ಬಿ ತಳಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದಲ್ಲವೇ, ಸಕೀನಾಬಿ ಅದನ್ನೇ ಹಿಡಿದುಕೊಂಡಳು. "ಬರ್ರಿ, ನಮ್ಮ ಡಬ್ಬಿ ಕಾಯಿ ಹಣ್ಣಾಗೇತಿ ನೋಡಬರ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಕ್ಕ ಸವಟು ಎತ್ತಿ ಹೊಡೆಯಲು ಹೋಗುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು.

ಖಾರದ ಊರಿನಲ್ಲಿ ಮುಖ ಕೆಂಪಾದರೆ ಖಾರವೆಂದಲ್ಲದೆ ಇನ್ನೇನು ಅನ್ನುತ್ತಾರೆ? ಕೆಮ್ಮಿದರೆ ಘಾಟು, ಉಬ್ಬಸ ಬಂದರೆ ಘಾಟು, ಹೊಟ್ಟೆ ಝಾಡಿಸಿ ಭೇದಿಯಾದರೆ ಮಧ್ಯಾಹ್ನದ ರೊಟ್ಟಿಗೆ ಹಚ್ಚಿಕೊಂಡ ರಂಜಕ. ಕೆಂಪು ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆ ಹಾಕಿ ಅರೆದ ಆ ರಂಜಕವೆಂದರೆ ಅವಳಿಗೆ ಪ್ರಾಣ. ಹೊಟ್ಟೆ ಹಿಡಿದುಕೊಂಡು ಮಲಗಿದಾಗ ಊರಿನ ಡಾಕ್ಟರು ಗ್ಯಾಸಿನ ಗುಳಿಗೆ ಕೊಟ್ಟರು. ಮುಖದ್ದನ್ನು ಕೇಳಿದರೆ "ಮುಟ್ಟು ನಿಲ್ಲೋ ವಯಸ್ಸು, ಮೈ ಬಿಸಿ ಆಗ್ತೈತಿ. ಒಂದಿಷ್ಟು ಖಾರ ಕಮ್ಮಿ ಮಾಡ್ರಿ" ಎಂದರು. ಅವರನ್ನಾದರೂ ಏನೆನ್ನುವುದು. ಅವರೂ ಅದೇ ಊರಿನವರು.

ಮಾಮಾ ಆ ಮಾತನ್ನು ಎದೆಗೆ ಹಚ್ಚಿಕೊಂಡರು. ಹೆಂಡತಿಯೆಂದರೆ ಅವರಿಗೆ ಬಹಳ ಪ್ರೀತಿ, ತೋರಿಸಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ. ಮೊದಲು ಅಕ್ಕನನ್ನು ಕಡಾಯಿಯ ಮುಂದಿನಿಂದ ಎಬ್ಬಿಸಿ ಮನೆಗೆ ಕಳಿಸಿದರು, ಹುರಿಯುವುದು ಸಕೀನಾಬಿಯ ಪಾಲಿಗೆ ಬಂತು. ಆಮೇಲೆ ಅಡುಗೆಮನೆಯ ಖಾರದ ಡಬ್ಬಿಯನ್ನೇ ಎತ್ತಿ ಸಕೀನಾಬಿಗೆ ಕೊಟ್ಟರು. ಬ್ಯಾಡಗಿಯಲ್ಲಿ, ಅದೂ ಗಿರಣಿಯವರ ಮನೆಯಲ್ಲಿ, ಬಿಳಿ ಸಾರು! ನಾನು ಹೋದಾಗ ತಟ್ಟೆ ನೋಡಿ ಬಾಣಂತಿ ಊಟವೇ ಎಂದು ತಮಾಷೆ ಮಾಡಿದ್ದೆ. ಮಾಮಾ ಕೂಡ ಅದನ್ನೇ ಉಂಡರು, ಅವಳೊಬ್ಬಳಿಗೇ ಯಾಕೆ ಎಂದು.

ಕೆಟ್ಟದ್ದೆಂದರೆ, ಖಾರ ಬಿಟ್ಟದ್ದರಿಂದ ಗುಣ ಕಂಡಿತು. ಮುಖ ಕೆಂಪಾಗುವುದು ಕಡಿಮೆಯಾಯಿತು. ಏನೂ ಗುಣ ಕಾಣದಿದ್ದರೆ ನಾವು ದೊಡ್ಡ ಆಸ್ಪತ್ರೆಗೆ ಓಡುತ್ತಿದ್ದೆವು. ಗುಣ ಕಂಡದ್ದಕ್ಕೆ ಸುಮ್ಮನೆ ಕೂತೆವು. "ನೋಡಿದ್ಯಾ, ನಾ ಹೇಳಿದ್ದು ಖರೇ ಆತು" ಎಂದು ಮಾಮಾ ಸಮಾಧಾನದಿಂದ ಓಡಾಡಿಕೊಂಡಿದ್ದರು. ಹೊಟ್ಟೆ ನೋವು ಆಗೊಮ್ಮೆ ಈಗೊಮ್ಮೆ ಬರುತ್ತಲೇ ಇತ್ತು. ಅಕ್ಕ ತೆಳ್ಳಗಾಗುತ್ತಿದ್ದಳು. ಸಪ್ಪೆ ಊಟ ಮಾಡಿದರೆ ಇನ್ನೇನಾಗುತ್ತದೆ ಎಂದುಕೊಂಡೆವು. ಹೀಗೇ ಎರಡು ವರ್ಷದ ಸುಗ್ಗಿ ಕಳೆಯಿತು.

ಅಕ್ಕನ ಮಗಳು ಶ್ವೇತಾ ಹಾವೇರಿಯಲ್ಲಿದ್ದಾಳೆ, ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಒಂದು ಭಾನುವಾರ ನಾವೆಲ್ಲ ಅಲ್ಲಿ ಸೇರಿದ್ದೆವು. ಅಕ್ಕ ಮೊಸರನ್ನ ಕಲಸಿಕೊಂಡು ಕೂತಿದ್ದಳು. ಒಗ್ಗರಣೆಯನ್ನೂ ಹಾಕದ ಮೊಸರನ್ನ. ಎರಡು ತುತ್ತು ಉಂಡಿರಬೇಕು, ಕೊರಳಿನಿಂದ ಕೆಂಪು ಏರಿತು. ಹಿಂದೆ ಕಂಡದ್ದಕ್ಕಿಂತ ಗಾಢವಾದ ಕೆಂಪು. ಆ ಮನೆಯಲ್ಲಿ ಆವತ್ತು ಒಂದು ಮೆಣಸಿನಕಾಯಿಯನ್ನೂ ಒಲೆಗೆ ತೋರಿಸಿರಲಿಲ್ಲ. ಎಲ್ಲರೂ ಕೈ ನಿಲ್ಲಿಸಿ ಅವಳನ್ನೇ ನೋಡಿದೆವು. ಅಕ್ಕ ಅಪರಾಧ ಮಾಡಿದವಳ ಹಾಗೆ, "ನಾ ಏನೂ ತಿಂದಿಲ್ರಿ" ಎಂದು ಮಾಮಾನಿಗೆ ಹೇಳಿದಳು. ಸಂಜೆಗೆ ಹೊಟ್ಟೆ ನೋವು ತಡೆಯಲಾರದಷ್ಟಾಯಿತು, ವಾಂತಿ ನಿಲ್ಲಲಿಲ್ಲ. ಹಾವೇರಿಯಲ್ಲಿ ಸಲಾಯಿನ್ ಹಾಕಿಸಿ, ಮರುದಿನ ರಾಣೆಬೆನ್ನೂರಿಗೆ ಕರೆತಂದು ಸ್ಕ್ಯಾನ್ ಮಾಡಿಸಿದೆವು. ಸಣ್ಣ ಕರುಳಿನ ತುದಿಯಲ್ಲಿ ಗಂಟು, ಲಿವರಿನಲ್ಲಿ ಚುಕ್ಕೆಗಳು. ಲಗೂನೆ ಹುಬ್ಬಳ್ಳಿಗೆ ಹೋಗಿ ಎಂದರು.

ಹುಬ್ಬಳ್ಳಿಯಲ್ಲಿ ಲಿವರಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ದಿನದ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಕೊಡಬೇಕೆಂದರು. ಅದಕ್ಕೆ ಮೊದಲು ಬಾಳೆಹಣ್ಣು ತಿನ್ನಬಾರದು, ಟೊಮೆಟೊ, ಬದನೆಕಾಯಿ ಬೇಡ, ಲೆಕ್ಕ ತಪ್ಪುತ್ತದೆ ಎಂದು ನರ್ಸ್ ಹೇಳಿದಳು. "ಮತ್ತ ಖಾರ?" ಎಂದು ಮಾಮಾ ಕೇಳಿದರು. "ಖಾರದ್ದೇನ್ರಿ? ಖಾರದಿಂದ ಈ ಲೆಕ್ಕ ತಪ್ಪಂಗಿಲ್ಲ" ಎಂದು ಅವಳು ಮುಂದಿನ ಮಂಚಕ್ಕೆ ಹೋದಳು. ಮಾಮಾ ಅಲ್ಲೇ ನಿಂತರು. ಅಕ್ಕ ನನ್ನ ಕಡೆ ತಿರುಗಿ, "ಎಣ್ಣಿಗಾಯಿ ತಿನ್ನಬಾರದಂತ, ಮೆಣಸಿನಕಾಯಿ ತಿನ್ನಬಹುದಂತ. ಎಂಥಾ ಬ್ಯಾನಿ ಇದು?" ಎಂದು ನಕ್ಕಳು.

ಎಂಥ ಬೇನೆಯೆಂದು ಸರ್ಜನ್ನರು ತಿಳಿಸಿ ಹೇಳಿದರು. ನಮ್ಮ ಕಡೆಯವರೇ, ನಮ್ಮ ಭಾಷೆಯಲ್ಲೇ ಹೇಳಿದರು. "ಇದು ಭಾಳ ನಿಧಾನ ಬೆಳೆಯೋ ಗಡ್ಡಿ. ಕಡಲಿ ಕಾಳಿನಷ್ಟು ಇದ್ದಾಗ ಯಾರಿಗೂ ಗೊತ್ತಾಗಂಗಿಲ್ಲ. ಇದು ಒಂದು ರಸಾಯನ ಬಿಡ್ತೈತಿ. ಗಡ್ಡಿ ಕರುಳಿನೊಳಗ ಅಷ್ಟ ಇದ್ರ ಲಿವರ್ ಆ ರಸಾಯನ ತಡದು ಮುರದು ಹಾಕ್ತೈತಿ. ಗಡ್ಡಿ ಲಿವರಿಗೇ ಹಬ್ಬಿತಂದ್ರ ತಡಿಯಾವರು ಯಾರು? ಸೀದಾ ರಕ್ತಕ್ಕ ಬರ್ತೈತಿ. ಮುಖ ಕೆಂಪಾಗೂದು, ಹೊಟ್ಟಿ ಝಾಡಿಸೂದು, ಉಬ್ಬಸ, ಎಲ್ಲಾ ಅದರಿಂದನ."

ಅಂದರೆ ಸಕೀನಾಬಿ ಡಬ್ಬಿ ಕಾಯಿ ಎಂದು ನಗಾಡಿದ ದಿನವೇ ಅದು ಲಿವರಿಗೆ ಮುಟ್ಟಿತ್ತು. ಆಗಲೇ ಬಂದಿದ್ದರೆ ಲಿವರಿನದನ್ನೂ ಕತ್ತರಿಸಿ ತೆಗೆಯಬಹುದಿತ್ತೇ ಎಂದು ನಾನು ಕೇಳಿದೆ. ತೆಗೆಯಬಹುದಿತ್ತೇನೋ, ಈಗ ಹೇಳಲಾಗದು ಎಂದರು. ಮಾಮಾ ಬೇರೆಯದನ್ನೇ ಕೇಳಿದರು. "ಖಾರದಿಂದ ಬಂದೈತೇನ್ರಿ ಸಾಹೇಬ್ರ? ನಮ್ಮದು ಖಾರದ ಗಿರಣಿ."

"ಅಲ್ಲ. ಖಾರ ತಿಂದಾಗ ಮುಖ ಕೆಂಪಾಗಿದ್ದು ಒಳಗ ಗಡ್ಡಿ ಇದ್ದದ್ದಕ್ಕ. ಖಾರ ಗಡ್ಡಿ ತಂದಿಲ್ಲ. ನಿಮ್ಮ ಗಿರಣಿದು ಏನೂ ತಪ್ಪಿಲ್ಲ."

ಅಕ್ಕನ ಮುಖ ಅರಳಿತು. ಕ್ಯಾನ್ಸರಿನ ಜಾತಿಯ ಗಡ್ಡೆ ಲಿವರಿಗೆ ಹಬ್ಬಿದೆ ಎಂದು ಕೇಳಿದವಳು ಗಂಡನ ತೋಳು ತಟ್ಟಿ, "ಕೇಳಿದ್ರಿಲ್ಲ? ಖಾರದ ತಪ್ಪಲ್ಲಂತ" ಎಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ನಿನ್ನ ಜೀವದ ಮಾತು ನಡೆದಿದ್ದರೆ ನಿನಗೆ ಖಾರದ ಚಿಂತೆಯೇ ಎಂದು ಗದರಿದೆ.

ಆಪರೇಷನ್ ಆಯಿತು. ಮತ್ತಿನಲ್ಲಿರುವಾಗ ಗಡ್ಡೆ ಒಮ್ಮೆಗೇ ವಿಷ ಕಾರದಂತೆ ಮೊದಲೇ ಒಂದು ಔಷಧಿ ಹನಿಹನಿಯಾಗಿ ಹಾಕಿದ್ದರು. ಕರುಳಿನ ಕೆಟ್ಟ ಭಾಗವನ್ನು, ಅದರ ಬೆನ್ನಿಗಿದ್ದ ಗಂಟುಗಳ ಸಮೇತ ಕತ್ತರಿಸಿ, ಒಳ್ಳೆಯ ತುದಿಗಳನ್ನು ಸೇರಿಸಿ ಹೊಲಿದರು. ಕರುಳು ಕಟ್ಟಿಕೊಂಡು ಆಗುತ್ತಿದ್ದ ನೋವು ಇನ್ನಿಲ್ಲ ಎಂದರು. ಲಿವರಿನಲ್ಲಿ ದೊಡ್ಡದೊಂದನ್ನು ತೆಗೆದಿದ್ದರು. ಸಣ್ಣವು ಎರಡೂ ಕಡೆ ಚೆಲ್ಲಿದ್ದವು, ಅವನ್ನು ತೆಗೆಯಲು ಹೋದರೆ ಲಿವರೇ ಉಳಿಯುವುದಿಲ್ಲ. ತೆಗೆದದ್ದನ್ನು ಟ್ರೇಯಲ್ಲಿಟ್ಟು ಮನೆಯವರನ್ನು ಕರೆದು ತೋರಿಸಿದರು. ನಾನು ಒಮ್ಮೆ ನೋಡಿ ಮುಖ ತಿರುಗಿಸಿದೆ. ಮಾಮಾ ಬಗ್ಗಿ ನೋಡಿದರು, ಮಾರ್ಕೆಟ್ಟಿನಲ್ಲಿ ಕಾಯಿ ನೋಡುವ ಹಾಗೆ ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಕೊಯ್ದ ಗಡ್ಡೆ ಒಳಗೆ ಹಳದಿಯಾಗಿತ್ತು.

"ಕೆಂಪ ಇಲ್ಲಲ್ಲ" ಎಂದರು.

ಕೆಂಪಿಲ್ಲವೆಂದು ಕಣ್ಣಾರೆ ಕಂಡವರು ಬ್ಯಾಡಗಿಗೆ ಹೋಗಿ ಮಾಡಿದ್ದೇನು? ಗಿರಣಿಗೆ ಬೀಗ ಹಾಕಿದರು. ಡಾಕ್ಟರು ಧೈರ್ಯಕ್ಕೆ ಹಾಗೆ ಹೇಳುತ್ತಾರೆ, ತನಗೆ ಗೊತ್ತು ಎಂದರು. ಅಕ್ಕನಿಗೆ ತಿಂಗಳಿಗೊಮ್ಮೆ ಸೊಂಟಕ್ಕೆ ಒಂದು ಇಂಜೆಕ್ಷನ್ ಶುರುವಾಗಿತ್ತು, ಗಡ್ಡೆಯನ್ನು ಹಿಡಿತದಲ್ಲಿಡುವಂಥದ್ದು. ಅದರಿಂದ ಮುಖ ಕೆಂಪಾಗುವುದು ಹೆಚ್ಚುಕಡಿಮೆ ನಿಂತಿತು. ಇಂಜೆಕ್ಷನ್ನಿನ ಗುಣವನ್ನು ಮಾಮಾ ಗಿರಣಿ ಮುಚ್ಚಿದ್ದರ ಲೆಕ್ಕಕ್ಕೆ ಬರೆದರು. ಒಮ್ಮೆ ಮೋಸಹೋದ ಜಾಗದಲ್ಲೇ ಮತ್ತೆ ಕಾಲಿಟ್ಟರು. ನಾನು ಚಾರ್ಟ್ ಪೇಪರಿನ ಮೇಲೆ ಕರುಳು, ಲಿವರ್ ಬರೆದು ಹುಡುಗರಿಗೆ ಪಾಠ ಮಾಡುವಂತೆ ಮಾಡಿದೆ. ಪೂರ್ತಿ ಕೇಳಿ, "ನೀ ಶಾಣ್ಯಾಕಿ ಇದ್ದೀ ಬಿಡವಾ ಪುಷ್ಪಾ" ಎಂದು ಎದ್ದು ಹೋದರು. ಅವರೊಂದಿಗೆ ಜಗಳವಾಡಿ ಗೆದ್ದವರಿಲ್ಲ.

ಮುಚ್ಚಿದ ಬಾಗಿಲು ಊರಿಗೆಲ್ಲ ಸಾಕ್ಷಿ ಹೇಳಿತು. ಗಿರಣಿಯವರೇ ಬೀಗ ಹಾಕಿದ ಮೇಲೆ ಇನ್ನೇನು ಬೇಕು? ಖಾರದ ಘಾಟಿಗೆ ಹೊಟ್ಟೆಯೊಳಗೆ ಗಡ್ಡೆಯಾಗುತ್ತದೆಂಬ ಸುದ್ದಿ ಮನೆಮನೆ ತಿರುಗಿತು. ಸಕೀನಾಬಿಯನ್ನು ಅವಳ ಸೊಸೆ ಬೇರೆ ಗಿರಣಿಗೂ ಹೋಗಗೊಡಲಿಲ್ಲ. ಒಂದು ದಿನ ಹಾವೇರಿಯಿಂದ ಪ್ರೇಮವ್ವ ಫೋನ್ ಮಾಡಿದರು. ಮದುವೆಯಾಗಿ ಬಂದಾಗಿನಿಂದ ಅಕ್ಕನ ಕೈಯ ಖಾರವನ್ನೇ ತಿಂದ ಹೆಂಗಸು. ಅಕ್ಕನ ಕೈಗೆ ಆಯಾಸ ಬೇಡವೆಂದು ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಿದ್ದೆ. ಕ್ಷೇಮ ಕೇಳಿದ ಮೇಲೆ ಪ್ರೇಮವ್ವ ದನಿ ತಗ್ಗಿಸಿ, "ತಪ್ಪು ತಿಳ್ಕೋಬ್ಯಾಡ್ರಿ ದೇವಕ್ಕಾರ... ನಿಮ್ಮ ಗಿರಣ್ಯಾಗ ಮಾಡಿಸಿದ ಖಾರ ಇನ್ನೂ ಡಬ್ಬಿ ತುಂಬ ಐತಿ. ಮನಿಯೊಳಗ ಸಣ್ಣ ಮಕ್ಕಳದಾವ. ತಿನಸಬಹುದೇನ್ರಿ?" ಎಂದರು.

ಅಕ್ಕ "ತಿನಸ್ರಿ. ಏನೂ ಆಗಂಗಿಲ್ಲ" ಎಂದಳು. ಫೋನ್ ಇಟ್ಟು ಗೋಡೆಯ ಕಡೆ ಮುಖ ಮಾಡಿದಳು. ಹೊಟ್ಟೆ ಕೊಯ್ದಾಗಲೂ ಅತ್ತವಳಲ್ಲ, ಅವತ್ತು ಅತ್ತಳು.

ಅಂದಿನಿಂದ ಅವಳಿಗೆ ಒಂದೇ ಹಟ. ಗಿರಣಿಯ ಬಾಗಿಲು ತೆಗೆಯಬೇಕು, ಊರು ಅದನ್ನು ನೋಡಬೇಕು. "ನಾ ಸಾಯೂದಕ್ಕ ನನಗ ಹೆದರಿಕಿ ಇಲ್ಲ" ಎಂದು ಮಾಮಾನಿಗೆ ಹೇಳುತ್ತಿದ್ದಳು. "ಆದ್ರ ದೇವವ್ವನ ಖಾರ ದೇವವ್ವನ್ನ ತಿಂತು ಅಂತ ಮಂದಿ ಅನಬಾರದು. ನಾ ಏನು ಮಂದಿಗೆ ವಿಷ ಹುರದು ಕೊಟ್ಟೇನೇನ್ರಿ?" ಮಾಮಾ ಎದ್ದು ಹೊರಗೆ ಹೋಗುತ್ತಿದ್ದರು. ಎಲ್ಲಿಗೆಂದರೆ ಗಿರಣಿಯ ಕಟ್ಟೆಗೆ. ಬೀಗ ಹಾಕಿದ ಬಾಗಿಲಿನ ಮುಂದೆ ಸುಮ್ಮನೆ ಕೂತು ಬರುತ್ತಿದ್ದರು.

ನಿಧಾನ ಬೆಳೆಯುವ ಗಡ್ಡೆಯೆಂದು ಡಾಕ್ಟರು ಹೇಳಿದ್ದು ನಿಜ. ಕೆಲವು ವರ್ಷ ಕೊಟ್ಟಿತು. ಶ್ವೇತಾಳ ಮನೆಗೆ ಹೋಗಿ ಇದ್ದು ಬಂದಳು, ನಮ್ಮ ಮನೆಯ ಗೃಹಪ್ರವೇಶಕ್ಕೆ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಆಮೇಲೆ ಕಾಲು ಬಾತುಕೊಳ್ಳತೊಡಗಿದವು. ಆ ರಸಾಯನ ರಕ್ತದಲ್ಲಿ ಹರಿದು ಹರಿದು ಹೃದಯದ ಬಲಗಡೆಯ ಕವಾಟಗಳು ದಪ್ಪಗಾಗಿವೆ, ಸರಿಯಾಗಿ ಮುಚ್ಚುತ್ತಿಲ್ಲ ಎಂದರು. ಲಿವರಿನ ಚುಕ್ಕೆಗಳು ಕೂಡಿಕೊಂಡು ದೊಡ್ಡವಾಗಿದ್ದವು. ಇನ್ನೊಂದು ಆಪರೇಷನ್ ಮಾಡೋಣ ಎಂದು ಈ ಸಲ ಯಾರೂ ಹೇಳಲಿಲ್ಲ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಿ ಎಂದರು.

ಹಣ್ಣು ಮೆಣಸಿನಕಾಯಿ ಬರುವ ಕಾಲ. ಒಂದು ಮಧ್ಯಾಹ್ನ ಸಕೀನಾಬಿ ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಬಂದಳು. ಒಳಗೆ ಹೊಸದಾಗಿ ಅರೆದ ರಂಜಕ. ಮಾಮಾ ಬಾಗಿಲಲ್ಲೇ ತಡೆದರು. "ತಾಸು ಅಂದ್ರ ತಾಸು ಎಣಿಸಾಕತ್ತೇನಿ ನಾ, ನೀ ಇದನ್ನ ತರ್ತೀ?" ಎಂದು ಕೂಗಿದರು. ಒಳಗಿನಿಂದ ಅಕ್ಕ ಕರೆದಳು, "ಅದನ್ನ ತರಾಕ ಹೇಳಿದಾಕಿ ನಾನರಿ. ಒಳಗ ಬಿಡ್ರಿ." ಬಿಸಿ ರೊಟ್ಟಿಯ ಚೂರಿಗೆ ಬೆರಳಿನಿಂದ ರಂಜಕ ಹಚ್ಚಿಕೊಂಡು ಅವರ ಕಣ್ಣೆದುರೇ ಬಾಯಿಗಿಟ್ಟಳು. ಎಷ್ಟು ವರ್ಷದ ಮೇಲೆ! ಕಣ್ಣು ಮುಚ್ಚಿ ಚಪ್ಪರಿಸಿದಳು. ಕೊರಳಿನಿಂದ ಕೆಂಪು ಏರಿತು. ಮಾಮಾ ನೀರಿನ ಚೊಂಬಿಗೆ ಓಡಿದರು. ಅಕ್ಕ ಅವರ ಕೈ ಹಿಡಿದು ಕೂರಿಸಿಕೊಂಡಳು.

"ಕುಂದ್ರಿ. ನೋಡ್ರಿ ನನ್ನ ಮಾರಿ. ಕೆಂಪಾತಿಲ್ಲ? ಈಗ ಇಳಿತೈತಿ ನೋಡ್ರಿ."

ನಾವೆಲ್ಲ ಅವಳ ಮುಖ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಇಳಿಯಿತು. "ಖಾರ ಬರ್ತೈತಿ, ಹೋಗ್ತೈತಿ. ನನ್ನ ಒಯ್ಯಾಕ ಬಂದದ್ದು ಬ್ಯಾರೆ. ಅದರ ತಪ್ಪು ಇದರ ಮ್ಯಾಲ ಹಾಕಬ್ಯಾಡ್ರಿ" ಎಂದಳು. ಇನ್ನೊಂದು ಚೂರು ರೊಟ್ಟಿಗೆ ರಂಜಕ ಹಚ್ಚಿ ಮಾಮಾನ ಬಾಯಿಗೆ ಹಿಡಿದಳು. ಅವರು ಮುಖ ತಿರುಗಿಸಿದರು. ಅವಳು ಹಿಡಿದ ಕೈ ಇಳಿಸದಿದ್ದಾಗ ಕೊನೆಗೆ ಬಾಯಿ ತೆರೆದರು.

ಅದಾದ ಮುಂದಿನ ಅಮಾವಾಸ್ಯೆಯೊಳಗೆ ಅಕ್ಕ ತೀರಿಕೊಂಡಳು. ಬೀಗ ಹಾಗೇ ಇತ್ತು. ಮಾಮಾ ಅಳಲಿಲ್ಲ. ಮಣ್ಣು ಕೊಡುವಾಗಲೂ ಅಳಲಿಲ್ಲ, ದಿನಕರ್ಮದಲ್ಲೂ ಅಳಲಿಲ್ಲ. ಕಲ್ಲು ಮನುಷ್ಯ ಎಂದು ಯಾರೋ ಅಂದರು. ನನಗೆ ಅತ್ತು ಅತ್ತು ತಲೆ ಒಡೆಯುತ್ತಿತ್ತು, ಇಲ್ಲದಿದ್ದರೆ ಹಾಗಂದವರಿಗೂ ಒಂದು ಮಾತು ಆಡಿಯೇ ಬಿಡುತ್ತಿದ್ದೆ.

ಈ ಬೇಸಿಗೆಯಲ್ಲಿ ಸಕೀನಾಬಿ ಫೋನ್ ಮಾಡಿ, "ಟೀಚರ್ರ, ನಿಮ್ಮ ಮೆಣಸಿನಕಾಯಿ ತಗೊಂಡು ಬರ್ರಿ" ಎಂದಷ್ಟೇ ಹೇಳಿ ಇಟ್ಟಳು. ಶನಿವಾರ ಶಾಲೆ ಬಿಟ್ಟ ಮೇಲೆ ಚೀಲ ಕಟ್ಟಿಕೊಂಡು ಬ್ಯಾಡಗಿ ಬಸ್ಸು ಹತ್ತಿದೆ. ಓಣಿಯ ತಿರುವಿನಲ್ಲೇ ಒನಕೆಯ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಅಕ್ಕನ ಕಡಾಯಿ, ಅಕ್ಕನ ಸವಟು. ಸಕೀನಾಬಿ ಹುರಿಯುತ್ತಿದ್ದಳು, ಅಕ್ಕನ ಮಣೆಯನ್ನು ಮಾತ್ರ ಬದಿಗಿಟ್ಟು ತಾನು ನೆಲದ ಮೇಲೆ ಕೂತಿದ್ದಳು. ಚೀಲ ಹಿಡಿದ ಹೆಂಗಸರು ಕಾಯುತ್ತಿದ್ದರು. ಅವರ ನಡುವೆ ಹಾವೇರಿಯ ಪ್ರೇಮವ್ವ. ನನ್ನ ಕಣ್ಣು ತಪ್ಪಿಸಿ, "ಬ್ಯಾರೆ ಕಡೆ ಮಾಡಿಸಿದ್ವಿ, ಮಕ್ಕಳು ತಿನ್ನಲಿಲ್ರಿ" ಎಂದರು.

ಮಾಮಾ ಒಳಗಿದ್ದರು. ನಾನು ಚೀಲ ಇಳಿಸಿ, ಕುಟ್ಟಿದ ಖಾರ ಜರಡಿ ಹಿಡಿಯಲು ಕೂತೆ. ಕುಟ್ಟಿದ್ದನ್ನು ಮೊರಕ್ಕೆ ತೆಗೆದು ತಂದು ನನ್ನ ಮುಂದಿನ ಜರಡಿಗೆ ಸುರಿದರು. ಅಕ್ಕ ಇದ್ದಾಗ ಮೊದಲ ಕುಟ್ಟಿನದನ್ನು ಅವಳಿಗೆ ತೋರಿಸುತ್ತಿದ್ದರು. ಅವಳು ಚಿಟಿಕೆ ನಾಲಿಗೆಗಿಟ್ಟು, ಆಯಿತು ಎಂದರೆ ಆಯಿತು. ರೂಢಿಯ ಮೇಲೆ ಮಾಮಾ ಆ ಮಣೆಯ ಕಡೆ ತಿರುಗಿದರು. ತಿರುಗಿ ಹಾಗೇ ನಿಂತರು. ತಾವೇ ಒಂದು ಚಿಟಿಕೆ ಬಾಯಿಗಿಟ್ಟುಕೊಂಡರು. ಕಣ್ಣು ತುಂಬಿ, ಕೆನ್ನೆಯ ಮೇಲಿನ ಕೆಂಪು ಧೂಳಿನಲ್ಲಿ ನೀರು ಗೆರೆ ಕೊರೆದು ಇಳಿಯಿತು.

"ಅಯ್ಯ, ಇಷ್ಟು ವರ್ಷ ಆದ್ರೂ ನಿಮಗಿನ್ನೂ ಘಾಟ ರೂಢಿ ಆಗಿಲ್ಲೇನ್ರಿ ಮಾಲತೇಶಪ್ಪ?" ಎಂದು ಪ್ರೇಮವ್ವ ನಕ್ಕರು.

ಮಾಮಾ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ಇಲ್ರಿ. ಈ ಸಲ ಖಾರ ಭಾಳ ಜೋರೈತಿ" ಎಂದರು.

ಸಕೀನಾಬಿ ನನ್ನನ್ನು ನೋಡಿದಳು. ಖಾರದ ಮೇಲೆ ಯಾರು ಏನು ಹೊರಿಸಿದರೂ ಜಗಳಕ್ಕೆ ನಿಲ್ಲುವ ನಾನು ಅವತ್ತು ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿ ಜರಡಿ ಹಿಡಿಯುತ್ತಾ ಕೂತೆ.